ಬೆಂಕಿಯ ಹುಳು

ಬೇಕೆಂದೇ ಪರರ ಮನೆಗೆ ಕೊಳ್ಳಿಯಿಡುವವನಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ‘ಫೈರ್‌ಬಗ್’ ಎಂಬ ಹೆಸರುಂಟು. ಪದಕ್ಕೆ ಪದ ಹೊಂದಿಸಿದರೆ ‘ಬೆಂಕಿಹುಳು’. ಕೇಳಿದೊಡನೆ ಮಿಣುಕುಹುಳು ನೆನಪಾದೀತು. ಆದರೆ ಅದು ‘ಫೈರ್‌ಫ್ಲೈ’, ಅದರಿಂದ ಯಾರ ಮನೆಯೂ ಸುಡುವುದಿಲ್ಲ. ಯೂರೋಪಿನಲ್ಲಿ ಕೆಂಪು-ಕಪ್ಪು ಮೈಯ ಕೀಟವೊಂದಕ್ಕೂ ಫೈರ್‌ಬಗ್ ಎಂಬ ಹೆಸರಿದೆ. ಅದೂ ನಿರಪರಾಧಿಯೇ!

ಹಾಗಾದರೆ ಮನೆ ಸುಡುವವನು ಹುಳುವಾದುದು ಹೇಗೆ? 19ನೆಯ ಶತಮಾನದ ಅಮೆರಿಕದ ಆಡುನುಡಿಯಲ್ಲಿ ‘ಬಗ್’ ಎಂದರೆ ಯಾವುದಾದರೊಂದು ಗೀಳು ಹತ್ತಿದವನು ಎಂಬ ಅರ್ಥವೂ ಬಳಕೆಗೆ ಬಂದಿತು. ಬೆಂಕಿಯ ಗೀಳು ಹತ್ತಿದವನು ಫೈರ್‌ಬಗ್. ‘ತಲೆಯಲ್ಲಿ ಹುಳ ಬಿಟ್ಟರು’ ಎನ್ನುವ ನಮಗೆ ಈ ಹುಳುವಿನ ನಂಟು ತೀರ ಹೊಸದಲ್ಲ. ನಮ್ಮಲ್ಲಿ ಹುಳು ಮನುಷ್ಯನ ತಲೆಯನ್ನು ಹೊಗುತ್ತದೆ. ಅಲ್ಲಿ ಮನುಷ್ಯನೇ ಹುಳುವಾಗುತ್ತಾನೆ, ಅಷ್ಟೇ ಭೇದ.

ಆದರೆ ಬೆಂಕಿಯಿಡುವವರೆಲ್ಲರೂ ಗೀಳಿನವರಲ್ಲ. ವಿಮೆಯ ಹಣಕ್ಕಾಗಿ ಸ್ವಂತ ಅಂಗಡಿಯನ್ನೇ ಸುಡುವವನಿಗೆ, ಹಗೆಯಿಂದ ನೆರೆಯವನ ಬಣವೆಗೆ ಕಿಚ್ಚಿಡುವವನಿಗೆ ಇರುವುದು ಹುಚ್ಚಲ್ಲ, ಲೆಕ್ಕಾಚಾರ. ನಮ್ಮ ಧರ್ಮಶಾಸ್ತ್ರಕಾರರು ಇಂಥವನನ್ನು ‘ಅಗ್ನಿದ’ ಎಂದು ಕರೆದು, ವಿಷವಿಕ್ಕುವವನೊಡನೆ ಆರು ಬಗೆಯ ಆತತಾಯಿಗಳ ಸಾಲಿನಲ್ಲಿ ನಿಲ್ಲಿಸಿದರು. ಆ ಹೆಸರಿನಲ್ಲಿ ಹುಡುಗಾಟವಿಲ್ಲ. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮನೆ ಸುಟ್ಟವನಿಗೆ ಜೀವಾವಧಿಯವರೆಗೆ ಶಿಕ್ಷೆಯುಂಟು.

ಪದ ಹುಟ್ಟಿದ ಅಮೆರಿಕದಲ್ಲಿ ಅದು ಬಹುಬೇಗ ರಾಜಕೀಯಕ್ಕೂ ಹಬ್ಬಿತು. ವೈದ್ಯನೂ ಸಾಹಿತಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ 1872ರಲ್ಲಿಯೇ, ಸಮಾಜದಲ್ಲಿ ಕಿಚ್ಚೆಬ್ಬಿಸುವ ರಾಜಕಾರಣಿಗಳಿಗೆ ಈ ಪದವನ್ನು ಬಳಸಿದ್ದಾನೆ. ಜನರ ನಡುವೆ ಜಗಳ ತಂದಿಡುವವನನ್ನು ನಾವೂ ‘ಬೆಂಕಿ ಹಚ್ಚುವವನು’ ಎನ್ನುವುದಿಲ್ಲವೆ?

ಸ್ವಿಸ್ ಲೇಖಕ ಮ್ಯಾಕ್ಸ್ ಫ್ರಿಶ್‌ನ ಜರ್ಮನ್ ನಾಟಕವೊಂದು 1958ರಲ್ಲಿ ಜ್ಯೂರಿಕ್ ನಗರದಲ್ಲಿ ರಂಗವೇರಿತು. ಬ್ರಿಟನ್ನಿನಲ್ಲಿ ಅದು ‘ದಿ ಫೈರ್ ರೈಸರ್ಸ್’ ಎಂದೂ ಅಮೆರಿಕದಲ್ಲಿ ‘ದಿ ಫೈರ್‌ಬಗ್ಸ್’ ಎಂದೂ ಹೆಸರಾಯಿತು. ಅದರ ನಾಯಕ ಬೀಡರ್‌ಮನ್ ಮರ್ಯಾದಸ್ಥ ಗೃಹಸ್ಥ. ಊರಿನಲ್ಲಿ ಮನೆಗಳು ಒಂದೊಂದಾಗಿ ಸುಡುತ್ತಿರುವಾಗಲೇ ಅಪರಿಚಿತರಿಬ್ಬರಿಗೆ ತನ್ನ ಅಟ್ಟದಲ್ಲಿ ಇಂಬು ಕೊಡುತ್ತಾನೆ. ಅವರು ಅಲ್ಲಿ ಪೆಟ್ರೋಲಿನ ಪೀಪಾಯಿಗಳನ್ನು ತಂದಿಡುತ್ತಾರೆ. ಎಲ್ಲವನ್ನೂ ಕಂಡರೂ, ಅವರನ್ನು ಸಂದೇಹಿಸುವುದು ಸೌಜನ್ಯವಲ್ಲವೆಂದು ತನಗೆ ತಾನೇ ಹೇಳಿಕೊಂಡು, ಕಡೆಗೆ ಬೆಂಕಿಕಡ್ಡಿಯನ್ನೂ ತಾನೇ ಕೊಡುತ್ತಾನೆ.

ನಾಟಕದ ಹೆಸರಿನಲ್ಲಿ ಹುಳುಗಳೆನಿಸಿಕೊಂಡವರು ಆ ಇಬ್ಬರು. ಮನೆ ಸುಟ್ಟದ್ದು ಮಾತ್ರ ಯಜಮಾನನು ಕೊಟ್ಟ ಕಡ್ಡಿಯಿಂದ.