ಭದ್ರಾ ಹಿನ್ನೀರು: ದೋಣಿಗೆ ಹಕ್ಕಿಯ ಪಂಚಾಂಗ ಬೇಕು

ಮೈಸೂರು ಜಿಲ್ಲೆಯಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ, 2025ರ ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ರಾಜ್ಯ ಸರ್ಕಾರ ನಿಲ್ಲಿಸಿದಾಗ ಎದ್ದ ವಾಗ್ವಾದವು, ಸಫಾರಿ ಇರಬೇಕೆ ಬೇಡವೆ ಎಂಬ ಎರಡು ತುದಿಗಳ ನಡುವೆಯೇ ಸಿಕ್ಕಿಕೊಂಡಿತು. ಶಿವಮೊಗ್ಗ, ಭದ್ರಾವತಿಗಳ ಮಗ್ಗುಲಲ್ಲೇ ಹಬ್ಬಿರುವ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಈ ಪ್ರಶ್ನೆ ಸಾಲದು. ಜೀಪಿನಷ್ಟೇ ದೋಣಿಯಲ್ಲಿಯೂ ವನ್ಯಜೀವಿ ವೀಕ್ಷಣೆ ನಡೆಯುವ ಈ ಕಾಡಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದೂರದಿಂದ, ಎಷ್ಟು ದೋಣಿಗಳು ಎಂಬುದೇ ಕೇಳಬೇಕಾದ ಪ್ರಶ್ನೆಯಾಗಿದೆ.

ಲಕ್ಕವಳ್ಳಿಯ ಅಣೆಕಟ್ಟೆಯ ಹಿಂದೆ ನಿಂತ ನೀರು ಬೇಸಿಗೆ ಬೆಳೆಗಾಗಿ ನಾಲೆಗಳಿಗೆ ಹರಿದಂತೆಲ್ಲ ಜಲಾಶಯದ ಮಟ್ಟ ಇಳಿಯುತ್ತದೆ. ಮುಳುಗಿದ್ದ ದಿಬ್ಬಗಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ಈ ಬೋಳು ನಡುಗಡ್ಡೆಗಳಿಗೆ ಮರಿಮಾಡಲು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರುವುದು ರಿವರ್ ಟರ್ನ್ ಎಂಬ, ಹಳದಿ ಕೊಕ್ಕಿನ, ಕವಲು ಬಾಲದ ಮೀನುಗಾರ ಹಕ್ಕಿ. ಅದು ಕಡ್ಡಿ ಹೆಣೆದು ಗೂಡು ಕಟ್ಟುವುದಿಲ್ಲ. ನೆಲವನ್ನು ಕೊಂಚ ಕೆದರಿ, ಕಲ್ಲುಮಣ್ಣಿನ ಬಣ್ಣಕ್ಕೇ ಹೊಂದುವ ಎರಡು ಮೂರು ಮೊಟ್ಟೆಗಳನ್ನಿಟ್ಟು, ಸುಡುವ ಬಿಸಿಲಿಗೆ ತನ್ನ ಮೈಯನ್ನೇ ನೆರಳಾಗಿ ಹಿಡಿಯುತ್ತದೆ. ದೋಣಿ ತೀರ ಹತ್ತಿರ ಸುಳಿದಾಗ ಬೆದರಿ ಹಕ್ಕಿ ಮೇಲೆದ್ದರೆ, ಆ ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಬೇಯಬಹುದು, ಕಾಗೆ ಹದ್ದುಗಳ ಪಾಲಾಗಬಹುದು. ನೀರು ಸರಿದ ದಡದಲ್ಲಿ ಚಿಗುರುವ ಹುಲ್ಲಿಗಾಗಿ ಆನೆ, ಕಾಟಿ, ಜಿಂಕೆಗಳು ಅಂಚಿಗೆ ಬರುವುದೂ ಇದೇ ಕಾಲದಲ್ಲಿ. ಮಕ್ಕಳ ಬೇಸಿಗೆ ರಜೆಯೂ ಇದೇ ಕಾಲಕ್ಕೆ ಬರುತ್ತದೆ. ಹೀಗೆ ಹಿನ್ನೀರು ಕುಗ್ಗಿ, ಜೀವಿಗಳು ಒಂದೆಡೆ ಒತ್ತರಿಸಿ ನಿಂತ ಹೊತ್ತಿನಲ್ಲಿಯೇ ನೋಡುವವರ ಸಂಖ್ಯೆ ಹೆಚ್ಚುವುದು ಭದ್ರೆಯ ನಿಜವಾದ ಸಂಕಟ.

ಪ್ರವಾಸೋದ್ಯಮದ ಪರವಾದ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಸಫಾರಿಯಿಂದ ಚಾಲಕರಿಗೆ, ಅಂಬಿಗರಿಗೆ, ಅಡುಗೆಯವರಿಗೆ ದುಡಿಮೆ ಸಿಗುತ್ತದೆ. ಜನರ ಕಣ್ಣಿರುವ ಕಾಡಿನಲ್ಲಿ ಕಳ್ಳಬೇಟೆಗೆ ಅಂಜಿಕೆಯಿರುತ್ತದೆ. ಕಾಡನ್ನು ಕಂಡ ಮಗು ಮುಂದೆ ಅದರ ಪರವಾಗಿ ನಿಲ್ಲಬಹುದು. ಆದರೆ ಈ ಕಾಡಿಗೊಂದು ಋಣವಿದೆ. 2001–02ರ ಸುಮಾರಿಗೆ ಇದರೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರಬನಗಳನ್ನು ಬಿಟ್ಟು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಹಾಗೂ ಕೆಳಗೂರಿಗೆ ಹೊರಟವು. ಈ ಪುನರ್ವಸತಿಯನ್ನು ದೇಶವೇ ಮಾದರಿಯೆಂದು ಹೊಗಳಿತು. ವನ್ಯಜೀವಿಗಳಿಗೆ ನೆಮ್ಮದಿ ಬೇಕೆಂದು ತಲೆಮಾರುಗಳ ಒಕ್ಕಲನ್ನು ಎಬ್ಬಿಸಿದ ಮೇಲೆ, ಅದೇ ನೆಮ್ಮದಿಯನ್ನು ಎರಡು ದಿನದ ಅತಿಥಿಗಾಗಿ ಕದಡುವುದು ಆ ಕುಟುಂಬಗಳಿಗೆ ಕೊಟ್ಟ ಮಾತಿಗೆ ತಪ್ಪಿದಂತೆ.

ಕಾನೂನಿನ ಆಶಯವೂ ಇದಕ್ಕೆ ಹೊರತಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯು ಹುಲಿ ನೆಲೆಯ ತಿರುಳನ್ನು ಮನುಷ್ಯರ ತೊಡಕಿಲ್ಲದೆ ಉಳಿಯಬೇಕಾದ ಪ್ರದೇಶವೆಂದು ಪರಿಗಣಿಸಿತು. ಇದನ್ನೇ ಕೋರ್ ವಲಯ ಎನ್ನುತ್ತಾರೆ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೋರ್ ವಲಯದ ಪ್ರವಾಸೋದ್ಯಮಕ್ಕೆ ತಡೆ ನೀಡಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಬಳಿಕ ಅಕ್ಟೋಬರಿನಲ್ಲಿ ಅದನ್ನು ತೆರವುಗೊಳಿಸಿತು. ಆ ವಲಯದ ಶೇ. 20ನ್ನು ಮೀರಿ ಪ್ರವಾಸೋದ್ಯಮ ಇರಬಾರದೆಂಬುದು ಮಾರ್ಗಸೂಚಿಯ ಒಂದು ಮಿತಿ. ಆದರೆ ಶೇಕಡಾವಾರು ಲೆಕ್ಕವು ನೆಲವನ್ನು ಅಳೆಯುತ್ತದೆಯೇ ಹೊರತು ಋತುವನ್ನು ಅಳೆಯುವುದಿಲ್ಲ. ಮಳೆಗಾಲದಲ್ಲಿ ತುಂಬಿ ನಿಂತ ಜಲಾಶಯಕ್ಕೂ ಏಪ್ರಿಲಿನಲ್ಲಿ ಬತ್ತಿ ಕುಳಿತ ಜಲಾಶಯಕ್ಕೂ ಒಂದೇ ಅಳತೆ ಹಿಡಿದರೆ ಅದು ಹಕ್ಕಿಯನ್ನು ಕಾಯಲಾರದು.

ಪ್ರವಾಸೋದ್ಯಮವನ್ನು ಹೊಗೆಯಿಲ್ಲದ ಉದ್ಯಮವೆಂದು ಕರೆಯುವುದುಂಟು. ಹೊಗೆಯಿದ್ದ ಉದ್ಯಮವನ್ನು ಭದ್ರಾವತಿ ಚೆನ್ನಾಗಿ ಬಲ್ಲದು: 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಇದ್ದಿಲಾದದ್ದು ಮಲೆನಾಡಿನ ಮರ, ಅನಂತರ ಬಂದ ಕಾಗದದ ಕಾರ್ಖಾನೆಗೆ ತಿರುಳಾದದ್ದು ಮಲೆನಾಡಿನ ಬಿದಿರು. ಆಗ ಕಡಿದ ಮರವಾದರೂ ಕಣ್ಣಿಗೆ ಕಾಣುತ್ತಿತ್ತು. ಬೆದರಿ ಎದ್ದ ಹಕ್ಕಿಯ ಕೆಳಗೆ ಬಿಸಿಲಿಗೆ ಬಿದ್ದ ಮೊಟ್ಟೆ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲವಾದ್ದರಿಂದ, ಹೊಗೆಯಿಲ್ಲದ ಉದ್ಯಮಕ್ಕೆ ಇನ್ನೂ ಬಿಗಿಯಾದ ಕಟ್ಟಳೆ ಬೇಕು.

ಅಂಥ ಕಟ್ಟಳೆ ಅಸಾಧ್ಯವೇನಲ್ಲ. ಗಲಾಪಗೋಸ್ ದ್ವೀಪಗಳಲ್ಲಿ ಪ್ರವಾಸಿ ಹಡಗು ಎಂದು, ಯಾವ ತಾಣಕ್ಕೆ ಹೋಗಬೇಕೆಂಬುದನ್ನು ರಾಷ್ಟ್ರೀಯ ಉದ್ಯಾನವೇ ಗೊತ್ತುಮಾಡುತ್ತದೆ. ಅಂಟಾರ್ಕ್ಟಿಕದಲ್ಲಿ ಒಂದು ತಾಣದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರವಾಸಿಗಳು ಇಳಿಯುವಂತಿಲ್ಲ. ಇಷ್ಟಾದರೂ ಅಲ್ಲಿಗೆ ಹೋಗುವವರು ಕಡಿಮೆಯಾಗಿಲ್ಲ.

ಭದ್ರೆಯಲ್ಲಿ ಆಗಬೇಕಾದುದು ಮೂರು. ಗೂಡಿನ ತಿಂಗಳುಗಳಲ್ಲಿ ನಡುಗಡ್ಡೆಗಳ ಸುತ್ತ ತೇಲುವ ಗುರುತುಗಳನ್ನಿಟ್ಟು, ಅವುಗಳ ಒಳಗೆ ಯಾರ ದೋಣಿಯೂ, ಅಧಿಕಾರಿಗಳ ಅತಿಥಿಗಳ ದೋಣಿಯೂ, ಹೋಗದಂತೆ ನೋಡಿಕೊಳ್ಳಬೇಕು. ಜಲಾಶಯದ ಮಟ್ಟ ಇಳಿದಂತೆ ದೋಣಿಗಳ ಸಂಖ್ಯೆಯೂ ಇಳಿಯಬೇಕು. ರೈತರಿಗೆ ನಾಲೆಯ ನೀರಿನ ಸರದಿಯನ್ನು ಪ್ರಕಟಿಸುವಂತೆ ಇದನ್ನೂ ಮುಂಚಿತವಾಗಿ ಪ್ರಕಟಿಸಬೇಕು. ಆದಾಯದಲ್ಲಿ ಕಾಡು ಬಿಟ್ಟುಬಂದ ಕುಟುಂಬಗಳಿಗೆ ಗೊತ್ತಾದ ಪಾಲು ಸಲ್ಲಬೇಕು, ಅದರ ಲೆಕ್ಕ ಸಾರ್ವಜನಿಕವಾಗಿರಬೇಕು. ಹುಲಿ, ಸಿಂಹಗಳನ್ನು ಹತ್ತಿರದಿಂದಲೇ ಕಾಣಬೇಕೆನ್ನುವವರಿಗೆ ಶಿವಮೊಗ್ಗದ ತ್ಯಾವರೆಕೊಪ್ಪವಿದೆ, ಆನೆಯ ಮಜ್ಜನ ನೋಡಬೇಕೆನ್ನುವವರಿಗೆ ಸಕ್ರೆಬೈಲಿದೆ. ಹಿನ್ನೀರಿನ ಕಾಡು ಅಂಥ ಖಾತರಿಯನ್ನು ಯಾರಿಗೂ ಕೊಡಬೇಕಾಗಿಲ್ಲ. ಏನೂ ಕಾಣದೆ ದೋಣಿ ಮರಳುವ ದಿನವನ್ನು ನಷ್ಟವೆಂದು ಬಗೆಯದ ಪ್ರವಾಸಿಗೆ ಮಾತ್ರ ಈ ನೀರು ತೆರೆದಿರಲಿ.