ಮುಖ ಕಾಣದ ಚಿತ್ರ

ನಮ್ಮ ಊರು ಸತ್ತೂರ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ, ಎರಡೂ ಊರುಗಳನ್ನು ಕೂಡಿಸುವ ರಸ್ತೆಯ ಮಗ್ಗುಲಲ್ಲಿರುವ ಈ ಊರು ನಾನು ಹುಡುಗನಾಗಿದ್ದಾಗ ಒಕ್ಕಲುತನವನ್ನೇ ನಂಬಿದ ಹಳ್ಳಿಯಾಗಿತ್ತು. ಈಗ ಇಲ್ಲಿ ದೊಡ್ಡದೊಂದು ವೈದ್ಯಕೀಯ ಮಹಾವಿದ್ಯಾಲಯವಿದೆ, ಆಸ್ಪತ್ರೆಯಿದೆ. ಹಗಲು ರಾತ್ರಿಯೆನ್ನದೆ ವಾಹನಗಳು ಹರಿದಾಡುತ್ತವೆ. ಆದರೂ ಹಳೆಯ ಮನೆಗಳ ಪಡಸಾಲೆಗಳು ಹೆಚ್ಚು ಬದಲಾಗಿಲ್ಲ. ಒಳಗೆ ಕಾಲಿಡುತ್ತಲೇ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಹಿರಿಯರ ಭಾವಚಿತ್ರಗಳು ಕಾಣುತ್ತವೆ. ಒಂದೊಂದಕ್ಕೂ ಒಂದು ಹಾರ, ಕೆಳಗೆ ಹುಟ್ಟಿದ ಮತ್ತು ತೀರಿಕೊಂಡ ದಿನಾಂಕ. ನಮ್ಮ ಪಡಸಾಲೆಯಲ್ಲಿಯೂ ಅಂಥ ಸಾಲೊಂದಿದೆ. ಅದರ ನಡುವೆ ಇರುವ ಒಂದು ಚಿತ್ರವನ್ನು ಕಂಡು ಹೊಸಬರು ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಆ ಚಿತ್ರದಲ್ಲಿ ಮುಖವೇ ಇಲ್ಲ. ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ಒಲೆಯ ಮುಂದೆ ಕುಳಿತಿದ್ದಾಳೆ.

ಆಕೆ ನನ್ನ ತಾಯಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವಳು ತೀರಿಕೊಂಡಳು. ಆ ಕಾಲದಲ್ಲಿ ಧಾರವಾಡದಲ್ಲಿ ಫೋಟೋ ತೆಗೆಯುವ ಅಂಗಡಿಗಳಿಗೆ ಕೊರತೆಯಿರಲಿಲ್ಲ. ಆದರೆ ರೈತರ ಮನೆಯ ಸೊಸೆಯೊಬ್ಬಳು ಅಲ್ಲಿಗೆ ಹೋಗಿ ಕುರ್ಚಿಯ ಮೇಲೆ ಕುಳಿತುಕೊಳ್ಳುವ ಪ್ರಸಂಗ ಬರುತ್ತಲೇ ಇರಲಿಲ್ಲ. ಅವಳು ಹೋದ ಮೇಲೆ ನೋಡಿದರೆ ಮನೆಯಲ್ಲಿ ಅವಳದೊಂದು ಸಣ್ಣ ಚಿತ್ರವೂ ಇಲ್ಲ. ವರ್ಷ ತುಂಬುವ ಹೊತ್ತಿಗೆ ಅಪ್ಪನಿಗೆ ಒಂದು ಭಯ ಹತ್ತಿತು. ಚಿಕ್ಕವಳಾದ ನನ್ನ ತಂಗಿಗೆ ತಾಯಿಯ ನೆನಪು ಉಳಿಯುವುದೇ? ಶಾಲೆಯ ಚಿತ್ರಕಲೆಯ ಮಾಸ್ತರರನ್ನು ಕಂಡು, ತಾನು ಹೇಳಿದಂತೆ ಬರೆದುಕೊಡಬೇಕೆಂದು ಕೇಳಿಕೊಂಡನು. ಮಾಸ್ತರರು ಅವ್ವನನ್ನು ಒಮ್ಮೆಯೂ ನೋಡಿದವರಲ್ಲ. ಆದರೂ ಒಪ್ಪಿದರು. ಒಂದು ರವಿವಾರ ಹಾಳೆ, ಪೆನ್ಸಿಲು ಹಿಡಿದು ಸೈಕಲ್ ಮೇಲೆ ಬಂದರು.

ಅಂದು ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಮೂಗು ಉದ್ದ ಎಂದು ಅಪ್ಪ ಹೇಳಿದರೆ, ಅಲ್ಲ, ಮೊಂಡ ಎಂದು ಅಜ್ಜಿ ಹೇಳಿದಳು. ಹಣೆ ಅಗಲವೋ ಕಿರಿದೋ ಎಂಬುದರಲ್ಲಿ ಸೋದರತ್ತೆಗೂ ಚಿಗವ್ವನಿಗೂ ಮಾತಿಗೆ ಮಾತು ಬೆಳೆಯಿತು. ಹತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರು ಒಂದು ಮುಖವನ್ನು ಒಂದೇ ರೀತಿಯಾಗಿ ಹೇಳಲಾರದೆ ಹೋದರು. ಮಾಸ್ತರರು ಅಳಿಸಿದರು, ಬರೆದರು, ಮತ್ತೆ ಅಳಿಸಿದರು. ಕೊನೆಗೆ ಒಂದು ಮುಖ ಮೂಡಿತು. ಅಪ್ಪ ಬಹಳ ಹೊತ್ತು ನೋಡಿ, "ಚಿತ್ರ ಚಲೋ ಅದ ರೀ ಮಾಸ್ತರ್ರ, ಆದ್ರ ಇದು ಅಕಿ ಅಲ್ರೀ" ಎಂದನು. ಮಾಸ್ತರರು ಬೇಸರಿಸಲಿಲ್ಲ. ಹಾಳೆಯನ್ನು ಬದಿಗಿಟ್ಟು, "ಅಕಿ ಮುಖ ಬ್ಯಾಡ. ಅಕೀನ್ನ ನೆನಸಿಕೊಂಡ್ರ ನಿಮಗ ಮೊದಲ ಏನು ಕಾಣತದ, ಅದನ್ನ ಹೇಳ್ರಿ" ಎಂದರು.

ಆಗ ಎಲ್ಲರೂ ಸುಮ್ಮನಾದರು. ಬಳಿಕ ಅಜ್ಜಿ ಮೆಲ್ಲಗೆ ಹೇಳತೊಡಗಿದಳು. ಹೊಲದಿಂದ ಎಲ್ಲರೂ ಬರುವ ಮುನ್ನ, ಕತ್ತಲಾಗುವ ಹೊತ್ತಿಗೆ, ಅವ್ವ ರೊಟ್ಟಿ ಬಡಿಯುತ್ತ ಕುಳಿತಿರುತ್ತಿದ್ದಳು. ಬಾಗಿಲಲ್ಲಿ ನಿಂತವರಿಗೆ ಕಾಣುತ್ತಿದ್ದುದು ಅವಳ ಬೆನ್ನು, ತಲೆಯ ಮೇಲಿನ ಸೆರಗು, ಒಲೆಯ ಬೆಳಕು. ಯಾರು ಬಂದರೆಂಬುದನ್ನು ಹೆಜ್ಜೆಯ ಸಪ್ಪಳದಿಂದಲೇ ತಿಳಿದು, ತಿರುಗಿ ನೋಡದೆಯೇ ಹೆಸರು ಹಿಡಿದು ಮಾತನಾಡಿಸುತ್ತಿದ್ದಳು. ಅಜ್ಜಿ ಹೇಳುತ್ತಿದ್ದಂತೆ ಉಳಿದವರೆಲ್ಲ ಹೌದು ಹೌದು ಎಂದರು. ಈ ಸಲ ಯಾರೂ ಯಾರನ್ನೂ ತಿದ್ದಲಿಲ್ಲ. ಮಾಸ್ತರರು ಅಂದು ಏನನ್ನೂ ಬರೆಯದೆ ಹೋದರು. ವಾರದ ಮೇಲೆ ಅವರು ತಂದ ಜಲವರ್ಣದ ಚಿತ್ರವನ್ನು ಕಂಡೊಡನೆ ಅಜ್ಜಿ ಗೊಳೋ ಎಂದು ಅತ್ತುಬಿಟ್ಟಳು.

ಸತ್ತವರಿಗಾಗಿ ಬರೆಯುವ ಚಿತ್ರ ಮೊದಲು ಕಿವಿಯಿಂದ ಹುಟ್ಟಬೇಕು, ಆಮೇಲೆ ಕೈಯಿಂದ ಎಂದು ಅಂದಿನಿಂದ ನಾನು ನಂಬಿದ್ದೇನೆ. ಈಗಿನ ಕಾಲದಲ್ಲಿ ಚಿತ್ರಕ್ಕೆ ಬರವಿಲ್ಲ. ಹುಬ್ಬಳ್ಳಿಯ ಯಾವ ವೃತ್ತದಲ್ಲಿ ನಿಂತರೂ ಒಂದಲ್ಲ ಒಂದು ಶ್ರದ್ಧಾಂಜಲಿಯ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಸತ್ತವರದು ಒಂದು ಮುಖ, ಅದರ ಸುತ್ತ ಬದುಕಿರುವವರ ಇಪ್ಪತ್ತು ಮುಖಗಳು! ಅದನ್ನು ನೋಡಿ ಸತ್ತವನು ಹೇಗೆ ನಗುತ್ತಿದ್ದ, ಯಾರಿಗೆ ಆಸರೆಯಾಗಿದ್ದ ಎಂಬುದನ್ನು ತಿಳಿಯಲು ಸಾಧ್ಯವೆ? ಮಳೆ ಬಂದರೆ ಅದೂ ಹರಿದು ಚರಂಡಿಯ ಪಾಲಾಗುತ್ತದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರೆಂದು ತೋರುತ್ತದೆ. 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗ ಅವಸರಪಡದೆ ಶಿಲ್ಪಗಳ ಮುಂದೆ ನಿಲ್ಲಬೇಕು. ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಅವನು ಸೇರಿದ ಶಿವಸಾನ್ನಿಧ್ಯ. ಆ ವೀರನ ಮುಖ ಇವನದೇ ಎಂದು ಗುರುತಿಸುವಂತಿರುವುದಿಲ್ಲ. ಗುರುತಾಗುವುದು ಅವನು ಮಾಡಿದ ಕೆಲಸ. ತುರು ಹಿಡಿದವರನ್ನು ತಡೆದನೋ, ಊರಿನ ಗಡಿಯಲ್ಲಿ ಮಡಿದನೋ, ಹುಲಿಯೊಡನೆ ಸೆಣಸಿದನೋ ಎಂಬುದನ್ನು ಕಲ್ಲು ಹೇಳುತ್ತದೆ. ಹೆಂಡಿರು ಮಕ್ಕಳು ಅತ್ತು ಹೇಳಿದ ಕಥೆಯೇ ಅಲ್ಲಿ ಉಳಿಯ ಪೆಟ್ಟಿಗೆ ಒಳಗಾಗಿ ನಿಂತಿದೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಲ್ಲಿಸಿದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ವೀರ ಒಂದು ನಾಯಿ, ಹೆಸರು ಕಾಳಿ. ಗಂಗರ ಬೂತುಗನು ತನ್ನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಮಣಲೇರನು ಕೇಳಿದ್ದು ಈ ನಾಯಿಯನ್ನು. ಅದು ಮುಂದೆ ಕಾಡುಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿ ಮತ್ತು ಹಂದಿ ಮುಖಾಮುಖಿಯಾಗಿ ಸೆಣಸುವುದನ್ನು ಕಲ್ಲಿನ ಮೇಲೆ ಕೆತ್ತಲಾಗಿದೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಂಥ ದೊಡ್ಡ ಸಂಗತಿಯೂ ಅದೇ ಕಲ್ಲಿನ ಬರಹದಲ್ಲಿದೆ. ಆದರೆ ಚಿತ್ರವಾಗಿ ಕಣ್ಣಿಗೆ ಬೀಳುವುದು ನಾಯಿಯೇ! ಒಬ್ಬ ಯೋಧನ ಮನೆಮಟ್ಟಿನ ದುಃಖಕ್ಕೆ ಚರಿತ್ರೆಯು ಹೀಗೆ ದಾರಿ ಬಿಟ್ಟುಕೊಟ್ಟದ್ದು ನನಗೆ ಬಹಳ ಹಿಡಿಸುತ್ತದೆ.

ದುಃಖವು ಮನೆಯೊಳಗಿನದು, ಅದನ್ನು ಗೋಡೆಗೆ ತೂಗುಹಾಕಿ ನಾಲ್ಕು ಜನಕ್ಕೆ ತೋರಿಸುವುದೇಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅತ್ತವರ ಕಣ್ಣೀರಿನಿಂದ ಹೆಸರು ಗಳಿಸುವ ಕಲಾವಿದರೂ ಲೋಕದಲ್ಲಿದ್ದಾರೆ. ಸಂತಾಲ ಜನರ ನಡುವೆ ಬಾಳುವ ಜಾದೂ ಪಟುವಾ ಎಂಬ ಚಿತ್ರಗಾರರ ವಿಷಯವನ್ನು ಓದಿದಾಗ ನನಗೆ ಈ ಮಾತು ಇನ್ನೂ ಸ್ಪಷ್ಟವಾಯಿತು. ಸಾವಾದ ಮನೆಗೆ ಅವರು ಸತ್ತವರದೆಂದು ಒಂದು ಚಿತ್ರವನ್ನು ತರುತ್ತಾರೆ. ಅದರಲ್ಲಿ ಎಲ್ಲವೂ ಇರುತ್ತದೆ, ಕಣ್ಣಿನ ಗೊಂಬೆ ಮಾತ್ರ ಇರುವುದಿಲ್ಲ. ಸತ್ತವನು ಪರಲೋಕದಲ್ಲಿ ಕುರುಡನಾಗಿ ಅಲೆಯುತ್ತಿದ್ದಾನೆಂದು ಹೇಳಿ, ಮನೆಯವರು ಕಾಣಿಕೆ ಕೊಟ್ಟ ಬಳಿಕ ಕಣ್ಣನ್ನು ಬರೆಯುತ್ತಾರೆ. ಇದಕ್ಕೆ ಚಕ್ಷುದಾನವೆಂದು ಹೆಸರು. ಇದು ಸಾಂತ್ವನವೋ, ದುಃಖದ ವ್ಯಾಪಾರವೋ? ಎರಡೂ ಹೌದೆಂದು ನನಗೆ ಅನ್ನಿಸುತ್ತದೆ. ಕಣ್ಣು ಮೂಡಿದ ಕ್ಷಣದಲ್ಲಿ ಆ ಮನೆಯವರಿಗೆ ಆಗುವ ಸಮಾಧಾನವನ್ನು ಸುಳ್ಳೆನ್ನಲು ನಾವಾರು? ಆದರೆ ಅಲ್ಲಿ ಕಥೆ ಹೇಳುವವನು ಚಿತ್ರಗಾರ, ಕೇಳುವವರು ಮನೆಯವರು. ನಮ್ಮ ಮಾಸ್ತರರ ರೀತಿ ಇದಕ್ಕೆ ತದ್ವಿರುದ್ಧವಾಗಿತ್ತು.

ದುಃಖವನ್ನು ಅನುಭವಿಸಿದವರೇ ಕಲಾವಿದರಾದಾಗ ಮತ್ತೊಂದು ಸೋಜಿಗ ನಡೆಯುತ್ತದೆ. ಜರ್ಮನಿಯ ಕೇಟೆ ಕೋಲ್ವಿಟ್ಸ್ ಎಂಬ ಕಲಾವಿದೆಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಮಡಿದನು. ಅವನಿಗೆ ಆಗ 18 ವರ್ಷ. ತಾಯಿ ಅವನಿಗೊಂದು ಸ್ಮಾರಕವನ್ನು ಮಾಡಲು ಹೊರಟು, ಮಾಡಿದ್ದನ್ನು ಕೈಬಿಟ್ಟು, ಮತ್ತೆ ತೊಡಗಿ, ಅಂತೂ 1932ರಲ್ಲಿ ಮಗನನ್ನು ಹೂಳಿದ ಸ್ಮಶಾನದಲ್ಲಿ ಎರಡು ಕಲ್ಲಿನ ಮೂರ್ತಿಗಳನ್ನು ನಿಲ್ಲಿಸಿದಳು. ಮೊಣಕಾಲೂರಿದ ಒಬ್ಬ ತಂದೆ, ಒಬ್ಬ ತಾಯಿ. ಮಗನ ಮೂರ್ತಿ ಅಲ್ಲಿ ಇಲ್ಲವೇ ಇಲ್ಲ. ನಮ್ಮ ಧಾರವಾಡದ ಸಾಧನಕೇರಿಯಲ್ಲಿ ಬಾಳಿದ ವರಕವಿ ಬೇಂದ್ರೆಯವರೂ ತಮ್ಮ ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡವರು. ಆ ನೋವಿನಿಂದ ಹುಟ್ಟಿದ ಅವರ ಹೆಸರಾಂತ ಕವಿತೆಯಲ್ಲಿಯೂ ಕಾಣುವುದು ಮಗುವಿಗಿಂತ ಹೆಚ್ಚಾಗಿ ತಾಯಿಯ ನೋಟ, ಅದನ್ನು ತಾಳಲಾರದ ತಂದೆಯ ಮನಸ್ಸು. ಹೋದವರು ಬಿಟ್ಟುಹೋದ ತೆರವನ್ನು ತೋರಿಸಲು ಉಳಿದವರನ್ನೇ ತೋರಿಸಬೇಕಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿಯಾದ ಮಾತನ್ನೂ ಆಡಬೇಕು. ಸ್ಮಾರಕಗಳೆಲ್ಲವೂ ಒಳ್ಳೆಯವಲ್ಲ. ವೀರಗಲ್ಲಿನ ಪಕ್ಕದಲ್ಲಿಯೇ ಎಷ್ಟೋ ಊರುಗಳಲ್ಲಿ ಮಾಸ್ತಿಗಲ್ಲುಗಳಿವೆ. ಕಂಬದಿಂದ ಹೊರಚಾಚಿದ ಒಂದು ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ನೋಡಲು ಬಹಳ ಅಂದ. ಗಂಡನ ಚಿತೆಯನ್ನೇರಿದ ಹೆಣ್ಣಿನ ಗುರುತು ಅದು. ಅವಳು ಏನೆಂದುಕೊಂಡಳು, ಹೆದರಿದಳೇ, ಕೂಗಿದಳೇ ಎಂಬುದನ್ನು ಆ ಅಂದವಾದ ಕೈ ಹೇಳುವುದಿಲ್ಲ. ಅಷ್ಟೇ ಅಲ್ಲ, ಅಂಥ ಕಲ್ಲಿಗೆ ಪೂಜೆ ನಡೆಯುವುದನ್ನು ಕಂಡು ಬೆಳೆದ ಮತ್ತೊಬ್ಬ ಹುಡುಗಿಗೆ ಅದು ದಾರಿಯಾಗಿ ತೋರಿದ್ದರೆ ಆಶ್ಚರ್ಯವೇನು? ಮೈಸೂರು ಜಿಲ್ಲೆಯ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಏಚನು ಚೋಳರಾಜನ ಆಜ್ಞೆಯಿಂದ ಸಾವಿಗೀಡಾದನೆಂದು ತಿಳಿದು ಬೆಂಕಿಯನ್ನು ಹೊಕ್ಕ ದೇಕಬ್ಬೆಯ ಕಥೆಯನ್ನು ಅದು ಸೊಗಸಾದ ಪದ್ಯಗಳಲ್ಲಿ ಹೇಳುತ್ತದೆ. ಆದರೆ ಹೊಗಳುತ್ತ ಹೊಗಳುತ್ತಲೇ, ಹೆತ್ತವರೂ ಬಂಧುಗಳೂ ಬೇಡವೆಂದು ಅವಳನ್ನು ಬೇಡಿಕೊಂಡದ್ದನ್ನೂ ಬರೆದಿಟ್ಟಿದೆ. ಆ ಶಾಸನದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಬೇಡಿಕೆಯೇ. ದುಃಖವನ್ನು ಚಿತ್ರಿಸುವವನು ಅದನ್ನು ಮಹಿಮೆಯನ್ನಾಗಿ ಮಾಡಿ ಕೈತೊಳೆದುಕೊಳ್ಳಬಾರದು; ಬೇಡವಾಗಿತ್ತು ಎಂದವರ ದನಿಗೂ ಅಲ್ಲಿ ಎಡೆ ಕೊಡಬೇಕು.

ನಮ್ಮ ಊರಿಗೆ ದೂರವಲ್ಲದ ಇಟಿಗಟ್ಟಿಯ ಬಳಿ, ಬೈಪಾಸ್ ರಸ್ತೆಯಲ್ಲಿ, 2021ರ ಜನವರಿ 15ರಂದು ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನ ಅಪಘಾತಕ್ಕೆ ಸಿಕ್ಕಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಶಾಲೆಯಲ್ಲಿ ಒಟ್ಟಿಗೆ ಓದಿದವರು ಬಹಳ ವರ್ಷಗಳ ಮೇಲೆ ಒಟ್ಟಿಗೆ ಪ್ರವಾಸ ಹೊರಟಿದ್ದರು. ಅವರ ಮನೆಯವರು ಅತ್ತು ಸುಮ್ಮನಾಗಲಿಲ್ಲ. ಆ ಇಕ್ಕಟ್ಟಾದ ರಸ್ತೆಯನ್ನು ಅಗಲ ಮಾಡಬೇಕೆಂದು ಒತ್ತಾಯಿಸಿದರು. ಇಂಥ ಕಡೆ ಯಾರಾದರೂ ಗೋಡೆಯ ಮೇಲೆ ಚಿತ್ರ ಬರೆಯುವುದಾದರೆ ಏನನ್ನು ಬರೆಯಬೇಕು? ನುಜ್ಜುಗುಜ್ಜಾದ ವಾಹನವನ್ನು ಖಂಡಿತ ಬೇಡ. ಅದನ್ನು ಪತ್ರಿಕೆಗಳು ತೋರಿಸಿ ಮುಗಿಸಿವೆ. ಆ ಗೆಳತಿಯರ ಮನೆಗಳಿಗೆ ಹೋಗಿ, ಅವರ ಮಕ್ಕಳು ಒಪ್ಪಿದರೆ, ಹೇಳಿದ್ದನ್ನು ಕೇಳಿ ಬರೆಯಬೇಕು. ಒಪ್ಪದಿದ್ದರೆ ಹಾಳೆಯನ್ನು ಬರಿದಾಗಿಯೇ ಬಿಡಬೇಕು. ಬರೆದುದನ್ನು ಮೊದಲು ಅವರಿಗೇ ತೋರಿಸಿ, ಅವರು ತಿದ್ದೆಂದರೆ ತಿದ್ದಬೇಕು. ಕಲಾವಿದನ ಸ್ವಾತಂತ್ರ್ಯಕ್ಕೆ ಇದರಿಂದ ಕುಂದು ಬರುವುದೆಂದು ಕೆಲವರು ವಾದಿಸಬಹುದು. ಬರಲಿ, ಇನ್ನೊಬ್ಬರ ಸಾವಿನ ವಿಷಯದಲ್ಲಿ ಅಷ್ಟು ಕುಂದನ್ನು ಸಹಿಸಿಕೊಳ್ಳುವುದು ನ್ಯಾಯ.

ನಮ್ಮ ಮನೆಯ ಚಿತ್ರವನ್ನೂ ತಿದ್ದಬೇಕಾಯಿತು. ಅದನ್ನು ಗೋಡೆಗೆ ಹಾಕಿದ ದಿನ ಹಿರಿಯರೆಲ್ಲರೂ ಒಪ್ಪಿ ತಲೆದೂಗುತ್ತಿದ್ದರು. ಆರು ವರ್ಷದ ನನ್ನ ತಂಗಿ ಮಾತ್ರ ಬಹಳ ಹೊತ್ತು ನೋಡಿ, "ಅವ್ವ ಈ ಕೈಯಾಗ ರೊಟ್ಟಿ ತಿರುವತಿದ್ದಿಲ್ಲ" ಎಂದಳು. ಅವ್ವ ಎಡಚಿ. ಮೂಗು ಹಣೆಗಳಿಗಾಗಿ ಜಗಳವಾಡಿದ ಯಾರಿಗೂ ಅದು ನೆನಪಾಗಿರಲಿಲ್ಲ. ಯಾವ ಮಗು ತಾಯಿಯನ್ನು ಮರೆತೀತೆಂದು ಅಪ್ಪ ಹೆದರಿದ್ದನೋ ಆ ಮಗುವಿಗೇ ನೆನಪಿತ್ತು. ಮಾಸ್ತರರು ಚಿತ್ರವನ್ನು ಕೆಳಗಿಳಿಸಿ, ತಂಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಎತ್ತಿದ ಬಲಗೈಯನ್ನು ಒದ್ದೆಯ ಬಟ್ಟೆಯಿಂದ ಒರೆಸಿ ಎಡಗೈಯನ್ನು ಬರೆದರು. ಜಲವರ್ಣ ಪೂರ್ತಿಯಾಗಿ ಅಳಿಯುವುದಿಲ್ಲ. ಹಾಳೆ ಈಗ ಹಳದಿಯಾಗಿದೆ, ಒಂದು ಮೂಲೆಯನ್ನು ಹುಳು ತಿಂದಿದೆ. ಆದರೂ ಬಿಸಿಲು ಬಾಗಿಲಿನಿಂದ ನೇರವಾಗಿ ಬೀಳುವ ಹೊತ್ತಿಗೆ ಹತ್ತಿರ ಹೋಗಿ ನೋಡಿದರೆ, ಒಲೆಯ ಹೊಗೆಯೊಳಗೆ ಆ ಒರೆಸಿದ ಬಲಗೈ ಇನ್ನೂ ಮಸುಕಾಗಿ ಕಾಣುತ್ತದೆ.