ಎರಡನೆಯ ಉಸಿರು ಯಾರ ಬಳಿ ಇದೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಕರಾವಳಿಯ ನಮಗೆ ಈ ಊರುಗಳ ಹೆಸರು ಹೆಚ್ಚಾಗಿ ಕೇಳಿಬಂದದ್ದು ಎತ್ತಿನಹೊಳೆ ಯೋಜನೆಯ ವಾದ-ವಿವಾದಗಳಲ್ಲಿ. ಘಟ್ಟದ ನೀರು ಬಯಲುಸೀಮೆಗೆ ಹರಿಯಬೇಕೇ ಬೇಡವೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2024ರ ಸೆಪ್ಟೆಂಬರ್ 6ರಂದು ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರ ತಾಲೂಕಿನಲ್ಲಿ ಚಾಲನೆಯೂ ದೊರೆಯಿತು. ಆ ಮಾತು ಹಾಗಿರಲಿ. ಇಲ್ಲಿನ ನೀರು ಅಲ್ಲಿಗೆ ಹೋಗುವ ವಿಚಾರದಲ್ಲಿ ಇಷ್ಟು ಮಾತನಾಡಿದ ನಾವು, ಅಲ್ಲಿನ ಯುವಜನರು ಇಲ್ಲಿನ ನೀರಿಗೆ ಬರುವ ವಿಚಾರದಲ್ಲಿ ಎಷ್ಟು ಯೋಚಿಸಿದ್ದೇವೆ?

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಇಂದು ಕರ್ನಾಟಕದ ಸ್ಕೂಬಾ ಡೈವಿಂಗ್‌ನ ಮುಖ್ಯ ತಾಣ. 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ಕಡಲಾಳಕ್ಕೆ ಇಳಿದುದನ್ನು ನಾಡೆಲ್ಲ ನೋಡಿತು. ಮಳೆಗಾಲ ಕಳೆದು ಕಡಲು ಶಾಂತವಾದೊಡನೆ ಒಳನಾಡಿನ ಗೆಳೆಯರ ಗುಂಪುಗಳು ಶನಿವಾರ-ಭಾನುವಾರ ಇತ್ತ ಹೊರಡುತ್ತವೆ. ಈಜು ಬಾರದವರೂ ಇಳಿಯಬಹುದು ಎಂಬ ಭರವಸೆ ಸಿಗುತ್ತದೆ, ನೀರಿನಡಿಯ ಫೋಟೋ ಸಿಗುತ್ತದೆ. ಆದರೆ ಅವರಲ್ಲಿ ಹೆಚ್ಚಿನವರು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: ಬೆನ್ನ ಮೇಲಿನ ಗಾಳಿ ನಿಂತುಹೋದರೆ ಎರಡನೆಯ ಉಸಿರು ಎಲ್ಲಿಂದ ಬರುತ್ತದೆ?

ಅದು ಆಮ್ಲಜನಕವಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನಮ್ಮ ಪತ್ರಿಕೆಗಳು ಎಷ್ಟೋ ಬಾರಿ 'ಆಮ್ಲಜನಕದ ಸಿಲಿಂಡರ್' ಎಂದು ಬರೆಯುತ್ತವೆ. ಸಾಮಾನ್ಯ ಡೈವಿಂಗ್ ಸಿಲಿಂಡರಿನಲ್ಲಿ ಇರುವುದು ಶುದ್ಧ ಆಮ್ಲಜನಕವಲ್ಲ, ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಉಸಿರಾಡಿದರೆ ಅದೇ ವಿಷವಾಗಬಲ್ಲದು.

ಸುಮಾರು 11 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ 2,200 ಲೀಟರ್ ಗಾಳಿ ಹಿಡಿಸುತ್ತದೆ. ಒಬ್ಬ ವ್ಯಕ್ತಿ ದಡದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುತ್ತಾನೆ ಎಂದಿಟ್ಟುಕೊಳ್ಳೋಣ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಗಾಳಿಯ ಖರ್ಚೂ ಎರಡು ಪಟ್ಟು, ಅಂದರೆ 40 ಲೀಟರ್. 20 ಮೀಟರಿನಲ್ಲಿ 60 ಲೀಟರ್. ಹೆದರಿದವನ ಉಸಿರು ಇಮ್ಮಡಿಯಾಗುತ್ತದೆ, ಆಗ 120 ಲೀಟರ್. ಸಿಲಿಂಡರ್ ಬರಿದಾಗುವುದು, ರೆಗ್ಯುಲೇಟರ್ ಕೆಡುವುದು, ಕೊಳವೆ ಒಡೆಯುವುದು, ವಾಲ್ವ್ ಪೂರ್ತಿ ತೆರೆಯದಿರುವುದು ಇವೆಲ್ಲ ಅಪರೂಪ, ಆದರೆ ಅಸಾಧ್ಯವಲ್ಲ.

ಮೂರು ಬಗೆಯ ಆಸರೆ

ಬದಲಿ ಗಾಳಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು 'ಆಕ್ಟೋಪಸ್'. ಒಂದೇ ಸಿಲಿಂಡರಿಗೆ ಜೋಡಿಸಿದ, ಬಾಯಿಗಿಡುವ ಎರಡನೆಯ ಸಾಧನವಿದು. ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದು ನನ್ನ ಎದೆಯ ಮೇಲಿದ್ದರೂ ಇರುವುದು ನನ್ನ ಜೊತೆಗಾರನಿಗಾಗಿ. ನನ್ನ ಗಾಳಿ ಮುಗಿದರೆ ನನಗೆ ಬೇಕಾದುದು ಅವನ ಎದೆಯ ಮೇಲಿನದು. ಹಾಗಾಗಿ ಜೊತೆಗಾರ ಕೈಗೆಟಕುವಷ್ಟು ಹತ್ತಿರವಿದ್ದರೆ ಮಾತ್ರ ಈ ಆಸರೆಗೆ ಅರ್ಥ.

ಎರಡನೆಯದು 'ಸ್ಪೇರ್ ಏರ್'ನಂಥ ಅಂಗೈ ಅಳತೆಗಿಂತ ತುಸು ದೊಡ್ಡ ಬಾಟಲ್. ಹಗುರ, ವಿಮಾನ ಪ್ರಯಾಣಕ್ಕೂ ಒಯ್ಯಲು ಸುಲಭವೆಂಬ ಆಕರ್ಷಣೆ ಇದಕ್ಕಿದೆ. ಆದರೆ ಇದರ ದೊಡ್ಡ ಮಾದರಿಯಲ್ಲೂ ಇರುವುದು ಸುಮಾರು 85 ಲೀಟರ್ ಗಾಳಿ. 20 ಮೀಟರಿನಲ್ಲಿ ಹೆದರಿದವನಿಗೆ ಅದು ಮುಕ್ಕಾಲು ನಿಮಿಷವೂ ಬಾರದು. 12 ಮೀಟರಿನಿಂದ ತಕ್ಷಣ ಮೇಲೇರಿದರೆ ಹೇಗೋ ಸಾಕಾದೀತು. ಅಲ್ಲೇ ಒಂದು ನಿಮಿಷ ತಡವರಿಸಿದರೆ ಸಾಲದು.

ಮೂರನೆಯದು 'ಪೋನಿ ಬಾಟಲ್'. ತನ್ನದೇ ರೆಗ್ಯುಲೇಟರ್ ಇರುವ ಪ್ರತ್ಯೇಕ ಚಿಕ್ಕ ಸಿಲಿಂಡರ್. ದೊಡ್ಡದು ಕೆಟ್ಟರೂ ಇದು ಕೆಡದು. 3 ಲೀಟರಿನದಾದರೆ 200 ಬಾರ್‌ನಲ್ಲಿ 600 ಲೀಟರ್ ಗಾಳಿ. ಲೆಕ್ಕ ಹಾಕಿ ನೋಡಿ. 20 ಮೀಟರ್ ಆಳದಲ್ಲಿ ಹೆದರಿದವನಿಗೆ ಸುಧಾರಿಸಿಕೊಳ್ಳಲು ಒಂದು ನಿಮಿಷ: 120 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ ಮೇಲೇರಲು ಸುಮಾರು 175. ಐದು ಮೀಟರಿನಲ್ಲಿ ಮುನ್ನೆಚ್ಚರಿಕೆಗೆಂದು ಮೂರು ನಿಮಿಷ ನಿಲ್ಲಲು 180. ಒಟ್ಟು 475 ಲೀಟರ್. 600 ಲೀಟರಿನ ಬಾಟಲಿಯಲ್ಲಿ ಇದಿಷ್ಟನ್ನೂ ಮುಗಿಸಬಹುದು. ತರಬೇತಿ ಪಡೆದು ಆಳಕ್ಕೆ ಇಳಿಯುವವರು, ಜೊತೆಗಾರ ಯಾರೆಂದು ಮೊದಲೇ ಗೊತ್ತಿಲ್ಲದವರು ಇದನ್ನು ಆಯ್ದುಕೊಳ್ಳುವುದೇ ವಿವೇಕ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಒಂದೇ ಸಿಲಿಂಡರಿನಿಂದ ಇಬ್ಬರು ಉಸಿರಾಡುತ್ತ ಮೇಲೇರಬೇಕಾದರೆ 950 ಲೀಟರ್ ಬೇಕು, ಅಂದರೆ ದೊಡ್ಡ ಸಿಲಿಂಡರಿನಲ್ಲಿ 85ರಿಂದ 90 ಬಾರ್. ಗೇಜ್ 50ಕ್ಕೆ ಬಂದಾಗ ಮೇಲೇಳುವ ಮಾತಾಡಿದರೆ ಒಬ್ಬನಿಗೆ ಸಾಕು, ಇಬ್ಬರಿಗೆ ಸಾಲದು. ಜೊತೆಗಾರನ ಪಾಲನ್ನೂ ಎಣಿಸಿ ಬೇಗ ಹಿಂದಿರುಗುವುದೇ ಎಲ್ಲಕ್ಕಿಂತ ಅಗ್ಗದ ಬದಲಿ ಗಾಳಿ.

ಇಟ್ಟುಕೊಂಡರೆ ಸಾಲದು

ಬದಲಿ ಗಾಳಿ ಎದೆಯ ಭಾಗದಲ್ಲಿ, ಕಣ್ಣು ಮುಚ್ಚಿದರೂ ಕೈಗೆ ಸಿಗುವಂತಿರಬೇಕು. ನೀರಿಗಿಳಿಯುವ ಮೊದಲು ಅದರ ಗೇಜ್ ನೋಡಬೇಕು, ಅದರಿಂದ ನಾಲ್ಕು ಉಸಿರು ಎಳೆದು ನೋಡಬೇಕು. ಆಳವಿಲ್ಲದ ನೀರಿನಲ್ಲಿ ಬಾಯಿ ಬದಲಿಸುವ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲೇರುವಾಗ ಉಸಿರು ಬಿಗಿಹಿಡಿಯಬಾರದು. ಒತ್ತಡ ಇಳಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಒಂದೂವರೆ ಮೀಟರ್ ಏರುವಷ್ಟರಲ್ಲೇ ಶ್ವಾಸಕೋಶ ಒಡೆಯುವ ಅಪಾಯವಿದೆ. ಕೆರೆಯಲ್ಲಿ ಉಸಿರು ಕಟ್ಟಿ ಮುಳುಗಿ ಅಭ್ಯಾಸವಿದ್ದವರಿಗೆ ಇದು ತಲೆಕೆಳಗಾದ ಪಾಠ.

ಮೊದಲ ಸಲ ಇಳಿಯುವವರು ಈ ಉಪಕರಣಗಳನ್ನು ಕೊಳ್ಳಬೇಕಾಗಿಲ್ಲ. ಅಂಥವರಿಗೆ 12 ಮೀಟರ್ ಮಿತಿ. ಅವರ ಎರಡನೆಯ ಉಸಿರು ತರಬೇತುದಾರನ ಬಳಿ ಇರುತ್ತದೆ. ಆದುದರಿಂದ ಹಣ ಕಟ್ಟುವ ಮೊದಲು ಅವರು ಕೇಳಬೇಕಾದುದು ಇಷ್ಟು: ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ? ನೀರಿನಲ್ಲಿ ಅವರು ನನ್ನನ್ನು ಬಿಟ್ಟು ಹೋಗುತ್ತಾರೆಯೇ? ಅವರ ಬದಲಿ ರೆಗ್ಯುಲೇಟರನ್ನು ನನಗೆ ತೋರಿಸಿ ಬಳಸಲು ಕಲಿಸುತ್ತಾರೆಯೇ? ದೋಣಿಯಲ್ಲಿ ಪ್ರಥಮ ಚಿಕಿತ್ಸೆಯ ಆಮ್ಲಜನಕ ಇದೆಯೇ? ಆಸ್ತಮಾ, ಹೃದಯ ಕಾಯಿಲೆಗಳ ಬಗ್ಗೆ ವಿಚಾರಿಸುತ್ತಾರೆಯೇ? ಉತ್ತರ ಕೊಡಲು ಬೇಸರಪಡುವವರ ಜೊತೆ ಕಡಲಿಗಿಳಿಯಬಾರದು.

ನೀರು ಕಾಣದ ತಲೆಮಾರು

ಈ ಮಾತನ್ನು ಬಯಲುಸೀಮೆಯ ಯುವಜನರಿಗೆ ವಿಶೇಷವಾಗಿ ಹೇಳಲು ಕಾರಣವಿದೆ. ನಂದಿ ಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ ಜಿಲ್ಲೆಗಿಲ್ಲ. ಕೆರೆ ಬತ್ತಿ ಕೊಳವೆಬಾವಿ ಸಾವಿರ ಅಡಿ ದಾಟಿದ ಕಾಲದಲ್ಲಿ ಬೆಳೆದವರಿಗೆ ಈಜು ಕಲಿಯಲು ನೀರೇ ಇರಲಿಲ್ಲ. ಚಿಂತಾಮಣಿಗೆ ತಾಗಿಕೊಂಡ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು 2024ರ ಡಿಸೆಂಬರ್ 10ರಂದು ಇದೇ ಮುರುಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಅದು ಡೈವಿಂಗ್ ದುರಂತವಲ್ಲ, ದಡದ ಅಲೆಗಳ ದುರಂತ. ಆದರೆ ಕಡಲನ್ನು ಅರಿಯದವರನ್ನು ಕಡಲಿನ ಮುಂದೆ ನಿಲ್ಲಿಸುವಾಗ ಅರಿತವರ ಹೊಣೆ ಎಷ್ಟೆಂಬುದನ್ನು ಅದು ತೋರಿಸಿತು.

ಸಾಹಸ ತಪ್ಪಲ್ಲ. ಕಡಲಾಳದ ಹವಳ, ಮೀನುಗಳನ್ನು ಕಂಡು ಸೃಷ್ಟಿಕರ್ತನನ್ನು ಕೊಂಡಾಡುವುದು ಒಳ್ಳೆಯದೇ. ಆದರೆ ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ತನ್ನ ಮತ್ತು ಪರರ ಸುರಕ್ಷತೆಯನ್ನು ಪಣಕ್ಕಿಡುವುದು ಗಂಭೀರ ದೋಷವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 2290ನೇ ಪರಿಚ್ಛೇದದಲ್ಲಿ ಎಚ್ಚರಿಸುತ್ತದೆ, ಕಡಲನ್ನೂ ಹೆಸರಿಸಿಯೇ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿ ನಮಗೆ ಗೊತ್ತು. ವಿವೇಕಿಗಳು ಹೆಚ್ಚಿನ ಎಣ್ಣೆ ತಂದಿದ್ದರು, ಉಳಿದವರು ತಂದಿರಲಿಲ್ಲ. ಕತ್ತಲಾದ ಮೇಲೆ ಅಂಗಡಿಗೆ ಓಡಿದರೆ ತಡವಾಗುತ್ತದೆ. ಕಡಲಡಿಯಲ್ಲಂತೂ ಓಡಲು ಅಂಗಡಿಯೇ ಇಲ್ಲ. ಒಂದು ಅನುಕೂಲವಿದೆ: ಎಣ್ಣೆಯನ್ನು ಹಂಚಲು ಆಗಲಿಲ್ಲ, ಗಾಳಿಯನ್ನು ಹಂಚಿಕೊಳ್ಳಬಹುದು, ಮೊದಲೇ ಲೆಕ್ಕ ಹಾಕಿ ಉಳಿಸಿದ್ದರೆ.

ಚಿಕ್ಕಬಳ್ಳಾಪುರ ಭಾಗದ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ, ಮುರುಡೇಶ್ವರ ಕಾರವಾರ ಧರ್ಮಕ್ಷೇತ್ರಕ್ಕೆ ಸೇರಿವೆ. ಯುವಜನರ ಪ್ರವಾಸ ಹೊರಡಿಸುವ ಅಲ್ಲಿನ ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು ಇಲ್ಲಿನ ಧರ್ಮಕೇಂದ್ರಕ್ಕೆ ಒಂದು ಫೋನ್ ಮಾಡಲಿ. ಕಡಲು ಹೇಗಿದೆ, ಯಾರ ದೋಣಿ ನಂಬಬಹುದು ಎಂಬುದನ್ನು ನಮ್ಮ ಮೀನುಗಾರ ಕುಟುಂಬಗಳು ಹೇಳಬಲ್ಲವು. ದೋಣಿ ಹೊರಡುವ ಮುನ್ನ ಎರಡನೆಯ ಹುಟ್ಟು ಇದೆಯೇ ಎಂದು ನೋಡುವ ಜನ ಅವರು. ಬಂದ ಅತಿಥಿಗೆ ಮೀನೂಟ ಬಡಿಸುವ ಕರಾವಳಿ, ಆ ಎಚ್ಚರವನ್ನೂ ಜೊತೆಗೆ ಬಡಿಸಲಿ.